ಲೋಳೆಬೂಷ್ಟು ಮತ್ತು ಅದನ್ನು ತಿನ್ನುವ ಕಾಡುದುಂಬಿಗಳು: ಅಡಿಕೆ ಬೆಳೆಗಾರರಿಗೆ ಮಾಹಿತಿ

ಅರಬೈಲ್ ಘಟ್ಟದ ಕಾಡಿನಲ್ಲಿ, ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಸೊಪ್ಪಿನ ಬೆಟ್ಟ ಹಾಗೂ ಅಡಿಕೆ ತೋಟಗಳಲ್ಲಿ ಮಳೆಗಾಲದಲ್ಲಿ ಕೊಳೆತ ದಿಮ್ಮಿ, ದರಕು ಮತ್ತು ಸೊಪ್ಪಿನ ಹೊದಿಕೆಯ ಮೇಲೆ ಹಳದಿ ಅಥವಾ ಬಿಳಿ ಲೋಳೆ ಹರಡುವುದನ್ನು ತಾವು ಗಮನಿಸಿರಬಹುದು. ಇದೇ ಲೋಳೆಬೂಷ್ಟು. ಇದು ಶಿಲೀಂಧ್ರವಲ್ಲ; ಅಮೀಬಾದಂತೆ ಹರಿದಾಡುತ್ತಾ ಬ್ಯಾಕ್ಟೀರಿಯಾ ಮೊದಲಾದ ಸೂಕ್ಷ್ಮಜೀವಿಗಳನ್ನು ತಿನ್ನುವ ಜೀವಿ. ಅಡಿಕೆಯ ಕೊಳೆರೋಗಕ್ಕೂ ಇದಕ್ಕೂ ಸಂಬಂಧವಿಲ್ಲ.

ದುಂಬಿಗಳ ಜೀವನಕ್ರಮ

ಲೋಳೆ ಒಣಗಿ ಬೀಜಕಗಳ ಪುಡಿಯಾದಾಗ ಕೆಲವೇ ಮಿಲಿಮೀಟರ್ ಉದ್ದದ ದುಂಬಿಗಳು ಅದಕ್ಕೆ ಮುತ್ತುತ್ತವೆ. ಸ್ಫಿಂಡಿಡೆ ಕುಟುಂಬದ ಮರಿಹುಳು ಮತ್ತು ಪ್ರೌಢ ದುಂಬಿ ಎರಡಕ್ಕೂ ಲೋಳೆಬೂಷ್ಟೇ ಆಹಾರ. ಲಿಯೋಡಿಡೆ ಕುಟುಂಬದ ಅಗಾಥಿಡಿಯಂ ದುಂಬಿಯನ್ನು ಮುಟ್ಟಿದರೆ ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಆಹಾರ ಕೆಲವೇ ದಿನ ಉಳಿಯುವುದರಿಂದ ಮರಿಹುಳುಗಳು ಬೇಗನೆ ಬೆಳೆಯುತ್ತವೆ. ದುಂಬಿಗಳ ಮೈಗೆ ಅಂಟಿದ ಬೀಜಕಗಳು ಬೇರೆಡೆಗೆ ಸಾಗುತ್ತವೆ.

ರೈತರಿಗೆ ಸಲಹೆಗಳು

• ಈ ದುಂಬಿಗಳು ಬೆಳೆಯನ್ನು ತಿನ್ನುವುದಿಲ್ಲ. ಇವುಗಳಿಗಾಗಲಿ ಲೋಳೆಗಾಗಲಿ ಔಷಧ ಸಿಂಪಡಿಸಬೇಡಿ.

• ಸಸಿಗಳ ಎಲೆಯನ್ನು ಲೋಳೆ ಮುಚ್ಚಿದ್ದರೆ ನೀರಿನಿಂದ ತೊಳೆಯಿರಿ.

• ಕಾಂಡದಲ್ಲಿ ಸಣ್ಣ ರಂಧ್ರ ಮತ್ತು ಮರದ ಪುಡಿ ಕಂಡರೆ ಅದು ಕಾಂಡ ಕೊರೆಯುವ ಬೇರೆ ಕೀಟ. ಮಾದರಿಯೊಂದಿಗೆ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ.

• ಬೆಟ್ಟದ ದರಕನ್ನು ಪೂರ್ತಿ ಗುಡಿಸದೆ, ಬಿದ್ದ ದಿಮ್ಮಿಗಳಲ್ಲಿ ಕೆಲವನ್ನಾದರೂ ಅಲ್ಲಿಯೇ ಕೊಳೆಯಲು ಬಿಡಿ. ಈ ಜೀವಿಗಳ ನೆಲೆಯೂ ಮಣ್ಣಿನ ಫಲವತ್ತತೆಯೂ ಅದರಿಂದಲೇ ಉಳಿಯುತ್ತವೆ.