ಉಡುಪು, ದಾಖಲೆ, ಹಸ್ತಾಂತರ: ನೆಲ್ಸನ್‌ನ ಟ್ರಫಾಲ್ಗರ್ ಕೋಟು ಕಲಿಸುವ ಸಂಗ್ರಹ ವಿಧಾನ

ಹಳೆಯ ಸಮವಸ್ತ್ರವೊಂದರ ಬಟ್ಟೆ, ಗುಂಡಿ, ಜರತಾರಿ ಪಟ್ಟಿಗಳನ್ನು ನೋಡಿ ಅದರ ಕಾಲವನ್ನೂ ತೊಟ್ಟವರ ಹುದ್ದೆಯನ್ನೂ ಗುರುತಿಸಬಹುದು. ಆದರೆ ಅದನ್ನು ತೊಟ್ಟವರು ಯಾರು, ಎಂದು, ಎಲ್ಲಿ ಎಂಬುದಕ್ಕೆ ಬೇರೆ ಬಗೆಯ ಪುರಾವೆ ಬೇಕು. ಉಡುಪಿನ ಮೈಮೇಲಿನ ಗುರುತು, ಸಮಕಾಲೀನರ ಲಿಖಿತ ಹೇಳಿಕೆ, ಕೈಯಿಂದ ಕೈಗೆ ದಾಟಿದ ದಾರಿ ಈ ಮೂರೂ ಒಂದನ್ನೊಂದು ಸಮರ್ಥಿಸಿದಾಗ ಮಾತ್ರ ಸಮವಸ್ತ್ರಕ್ಕೆ ಖಚಿತ ವೈಯಕ್ತಿಕ ಚರಿತ್ರೆ ಇದೆ ಎನ್ನಬಹುದೆಂಬುದು ಈ ಲೇಖನದ ವಾದ. ಅದಕ್ಕೆ ನಿದರ್ಶನ, 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕದನದಲ್ಲಿ ಮಡಿದ ಬ್ರಿಟಿಷ್ ವೈಸ್ ಅಡ್ಮಿರಲ್ ಹೊರೇಷಿಯೊ ನೆಲ್ಸನ್ ಅಂದು ತೊಟ್ಟಿದ್ದ ಕೋಟು. ಅದು ಇಂದು ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿದೆ.

ಉಡುಪಿನ ಸಾಕ್ಷ್ಯ

ಬ್ರಿಟಿಷ್ ನೌಕಾಪಡೆ ತನ್ನ ಅಧಿಕಾರಿಗಳಿಗೆ ಸಮವಸ್ತ್ರವನ್ನು ಗೊತ್ತುಪಡಿಸಿದ್ದು 1748ರಲ್ಲಿ; ಭುಜಕೀರ್ತಿ ಬಂದದ್ದು 1795ರಲ್ಲಿ. ಭುಜಕೀರ್ತಿಯ ಮೇಲಿನ ನಕ್ಷತ್ರಗಳು ಎರಡಿದ್ದರೆ ತೊಟ್ಟವರು ವೈಸ್ ಅಡ್ಮಿರಲ್. ಈ ನಿಯಮಗಳು ಕೋಟಿನ ಕಾಲವನ್ನು ತಿಳಿಸುತ್ತವೆ, ವ್ಯಕ್ತಿಯನ್ನಲ್ಲ. ಆ ಹುದ್ದೆಯಲ್ಲಿ ಇನ್ನೂ ಹಲವರಿದ್ದರು.

ವ್ಯಕ್ತಿಯತ್ತ ಬೆರಳು ತೋರುವ ಗುರುತುಗಳು ಬೇರೆ. ಎಡ ಎದೆಯ ಮೇಲೆ ನಾಲ್ಕು ಗೌರವಚಿಹ್ನೆಗಳನ್ನು ಕಸೂತಿಯಲ್ಲಿ ಮಾಡಿಸಿ ಹೊಲಿಯಲಾಗಿದೆ: ಇಂಗ್ಲೆಂಡಿನ ಬಾತ್, ತುರ್ಕಿಯ ಕ್ರೆಸೆಂಟ್, ನೇಪಲ್ಸ್‌ನ ಸೇಂಟ್ ಫರ್ಡಿನಂಡ್, ಜರ್ಮನಿಯ ಸೇಂಟ್ ಯೋವಾಕಿಂ. ಈ ನಾಲ್ಕೂ ಕೂಡಿದ್ದುದು ನೆಲ್ಸನ್‌ನ ಎದೆಯ ಮೇಲೆ. 1797ರಲ್ಲಿ ಟೆನೆರೀಫ್ ದಾಳಿಯಲ್ಲಿ ಅವನು ಬಲಗೈ ಕಳೆದುಕೊಂಡಿದ್ದ; ಬರಿದಾದ ಬಲತೋಳನ್ನು ಎದೆಯ ಗುಂಡಿಗೆ ಸಿಕ್ಕಿಸಲು ಕೋಟಿನಲ್ಲಿ ಸಣ್ಣ ಕುಣಿಕೆಯಿದೆ. ಎಡಭುಜದಲ್ಲಿ, ಭುಜಕೀರ್ತಿಯ ಬಳಿ, ಗುಂಡು ಹೊಕ್ಕ ತೂತು ಇದೆ.

ದಾಖಲೆಯ ಸಾಕ್ಷ್ಯ

ನೆಲ್ಸನ್‌ನ ನಾಯಕ ಹಡಗು ವಿಕ್ಟರಿಯ ಶಸ್ತ್ರವೈದ್ಯ ವಿಲಿಯಂ ಬೀಟಿ ನೆಲ್ಸನ್‌ನ ಕೊನೆಯ ಗಳಿಗೆಗಳ ಕುರಿತು ಬರೆದ ವೃತ್ತಾಂತ 1807ರಲ್ಲಿ ಅಚ್ಚಾಯಿತು. ಗುಂಡು ಎಡಭುಜಕೀರ್ತಿಯನ್ನು ಸೀಳಿ ಒಳಹೊಕ್ಕು ಬೆನ್ನುಮೂಳೆಗೆ ತಾಗಿತ್ತೆಂದೂ, ಹೊರತೆಗೆದಾಗ ಜರತಾರಿಯ ಚೂರುಗಳು ಅದಕ್ಕೆ ಕಚ್ಚಿಕೊಂಡಿದ್ದವೆಂದೂ ಬೀಟಿ ದಾಖಲಿಸಿದ್ದಾನೆ. ಆ ಗುಂಡು ಈಗ ವಿಂಡ್ಸರ್ ಕೋಟೆಯ ರಾಜಸಂಗ್ರಹದಲ್ಲಿದೆ. ಪುಸ್ತಕ ಓದಿಕೊಂಡು ಯಾವುದೋ ಕೋಟಿಗೆ ತೂತು ಕೊರೆಯುವುದು ಸಾಧ್ಯ. ಆದರೆ ಇಲ್ಲಿ ಗುಂಡು ವೈದ್ಯನ ಬಳಿ ಉಳಿಯಿತು, ಕೋಟು ಬೇರೆಯೇ ಮನೆಗಳಲ್ಲಿ ಸುತ್ತಿತು. ಬೇರೆ ಬೇರೆ ದಾರಿಯಲ್ಲಿ ಬಂದ ಎರಡು ವಸ್ತುಗಳು ಒಂದೇ ಘಟನೆಯನ್ನು ಹೇಳುತ್ತಿರುವುದರಿಂದ ಸಂಶಯಕ್ಕೆ ಎಡೆ ಕಡಿಮೆ.

ದಾಖಲೆಯ ನಿಜವಾದ ಬೆಲೆ ತಿಳಿಯುವುದು ಅದು ನಮ್ಮ ಭಾವುಕತೆಗೆ ಅಡ್ಡ ಬಂದಾಗ. ಕೋಟಿನ ಮೇಲೆ ರಕ್ತದ ಕಲೆಗಳಿವೆ. ನೋಡಿದವರು ಅದನ್ನು ವೀರನ ರಕ್ತವೆಂದೇ ತಿಳಿಯುವುದು ಸಹಜ. ಬೀಟಿಯ ಪ್ರಕಾರ ನೆಲ್ಸನ್ ಬಿದ್ದದ್ದು, ಅವನ ಕಾರ್ಯದರ್ಶಿ ಜಾನ್ ಸ್ಕಾಟ್ ಸ್ವಲ್ಪ ಮೊದಲು ಸತ್ತಿದ್ದ ಜಾಗದಲ್ಲಿಯೇ. ಬಟ್ಟೆಗೆ ಮೆತ್ತಿಕೊಂಡದ್ದು ಸ್ಕಾಟ್‌ನ ರಕ್ತ. ಈ ತಿದ್ದುಪಡಿಯಿಂದ ಕೋಟಿನ ಘನತೆ ಕುಂದುವುದಿಲ್ಲ. ಚರಿತ್ರೆಯ ಅಂಚಿಗೆ ಸರಿದ ಇನ್ನೊಬ್ಬನೂ ಅದರಿಂದ ನಮಗೆ ಕಾಣಿಸುತ್ತಾನೆ. ಅಂದು ನೆಲ್ಸನ್ ಸೊಂಟಕ್ಕೆ ಕತ್ತಿ ಕಟ್ಟಿರಲಿಲ್ಲವೆಂದೂ ಬೀಟಿ ಬರೆದಿದ್ದಾನೆ. ಹೀಗಾಗಿ ಆ ಕದನದಲ್ಲಿ ನೆಲ್ಸನ್ ಧರಿಸಿದ್ದ ಕತ್ತಿ ತನ್ನಲ್ಲಿದೆ ಎನ್ನುವ ಯಾರ ಮಾತೂ ಈ ಒಂದು ವಾಕ್ಯದ ಎದುರು ನಿಲ್ಲಲಾರದು.

ಹಸ್ತಾಂತರದ ಸಾಕ್ಷ್ಯ

ವಿಕ್ಟರಿಯ ಕ್ಯಾಪ್ಟನ್ ಹಾರ್ಡಿಯ ಮೂಲಕ ಕೋಟು ನೆಲ್ಸನ್‌ನ ಪ್ರೇಯಸಿ ಲೇಡಿ ಎಮ್ಮಾ ಹ್ಯಾಮಿಲ್ಟನ್‌ಗೆ ತಲುಪಿತು. ಸಾಲದಲ್ಲಿ ಮುಳುಗಿದ ಆಕೆ ಅದನ್ನು ಆಲ್ಡರ್‌ಮನ್ ಜೋಶುವಾ ಜೊನಾಥನ್ ಸ್ಮಿತ್‌ಗೆ ಋಣಕ್ಕೆ ಬದಲಾಗಿ ಒಪ್ಪಿಸಿದಳು. 1815ರಲ್ಲಿ ಕ್ಯಾಲೆಯಲ್ಲಿ ತೀರಿಕೊಂಡಳು. ಸ್ಮಿತ್‌ನ ವಿಧವೆಯ ಬಳಿ ಕೋಟು ಇರುವುದು ನೆಲ್ಸನ್‌ನ ಪತ್ರಗಳನ್ನು ಸಂಪಾದಿಸುತ್ತಿದ್ದ ಸರ್ ನಿಕೋಲಸ್ ಹ್ಯಾರಿಸ್ ನಿಕೋಲಸ್‌ಗೆ ತಿಳಿಯಿತು. ಅವನು ಅದನ್ನು ಸಾರ್ವಜನಿಕ ಚಂದಾದಿಂದ ಕೊಳ್ಳಲು ಹೊರಟಾಗ, 1845ರಲ್ಲಿ ಪ್ರಿನ್ಸ್ ಆಲ್ಬರ್ಟ್ ತಾನೇ 150 ಪೌಂಡಿಗೆ ಕೊಂಡು ಗ್ರೀನಿಚ್ ಆಸ್ಪತ್ರೆಗೆ ಕೊಟ್ಟ.

ಈ ಸರಣಿಯಲ್ಲಿ ಸಾಲಗಾರ್ತಿಯಿದ್ದಾಳೆ, ಸಾಲಿಗನಿದ್ದಾನೆ, ಮಾರುವವಳಿದ್ದಾಳೆ. ಇವರೆಲ್ಲರಿಗೂ ಕೋಟು ಅಸಲಿಯಾಗಿರುವುದೇ ಲಾಭ. ಹಾಗಾಗಿ ಹಸ್ತಾಂತರದ ಕಥೆಯೊಂದನ್ನೇ ನಂಬಿ ತೀರ್ಮಾನಕ್ಕೆ ಬರಲಾಗದು. ನಲವತ್ತು ವರ್ಷದ ಈ ಖಾಸಗಿ ಅಲೆದಾಟವನ್ನು ಗುಂಡಿನ ತೂತೂ ವೈದ್ಯನ ಬರಹವೂ ಎತ್ತಿಹಿಡಿದಿವೆ.

ನಮ್ಮ ಸಂಗ್ರಹಗಳಿಗೆ

ಈ ಪಾಠ ನಮಗೆ ದೂರದ್ದಲ್ಲ. ಮಡಿಕೇರಿಯಲ್ಲಿ ಜನರಲ್ ಕೆ.ಎಸ್. ತಿಮ್ಮಯ್ಯನವರ ‘ಸನ್ನಿ ಸೈಡ್’ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಕೊಡಗಿನ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಅಜ್ಜಂದಿರ ಸೇನಾ ಉಡುಪುಗಳು ಇನ್ನೂ ಇವೆ. ಅವುಗಳ ಚರಿತ್ರೆ ಬಲ್ಲ ಹಿರಿಯರು ಇರುವಾಗಲೇ ಕೆಲಸ ಆಗಬೇಕು.

ಮೊದಲನೆಯದಾಗಿ, ಉಡುಪನ್ನು ಒಗೆಯಬಾರದು, ಹರಿದದ್ದನ್ನು ಹೊಲಿಯಬಾರದು, ಕಳೆದ ಗುಂಡಿಯ ಜಾಗಕ್ಕೆ ಹೊಸದನ್ನು ಹಾಕಬಾರದು. ಕಲೆಯೂ ಹರುಕೂ ದಾಖಲೆಗಳೇ. ಪ್ರದರ್ಶನದ ಬೆಳಕು 50 ಲಕ್ಸ್ ಮೀರದಿರುವುದು ಬಟ್ಟೆಗೆ ಕ್ಷೇಮ. ಎರಡನೆಯದಾಗಿ, ಒಳಜೇಬಿನ ದರ್ಜಿಯ ಚೀಟಿ, ತೊಟ್ಟಾಗಿನ ಛಾಯಾಚಿತ್ರ, ಸೇವಾ ದಾಖಲೆ, ಗೆಜೆಟ್ ಪ್ರಕಟಣೆಗಳನ್ನು ಉಡುಪಿನೊಡನೆ ಹೋಲಿಸಬೇಕು. ತಿಮ್ಮಯ್ಯನವರಿಗೆ ಪದ್ಮಭೂಷಣ ಬಂದದ್ದು 1954ರಲ್ಲಿ. ಅವರ ಯಾವುದೇ ಉಡುಪಿನಲ್ಲಿ ಆ ಪದಕದ ಪಟ್ಟಿ ಇದ್ದರೆ, ಆ ರೂಪದಲ್ಲಿ ಅದನ್ನು ತೊಟ್ಟದ್ದು ಅದಕ್ಕೂ ಮುಂಚೆ ಇರಲಾರದು. ಮೂರನೆಯದಾಗಿ, ಕೊಡುವವರಿಂದ ಅದು ಯಾರಿಂದ, ಯಾವಾಗ, ಹೇಗೆ ಬಂತೆಂಬ ಹೇಳಿಕೆಯನ್ನು ದಿನಾಂಕ, ಸಹಿ ಸಮೇತ ಬರೆಸಿಕೊಳ್ಳಬೇಕು. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂಬುದು ಅದರಲ್ಲಿ ಬೇರೆ ಬೇರೆಯಾಗಿರಬೇಕು.

ಖ್ಯಾತರ ಉಡುಪಿಗೆ ದಾಖಲೆ ಹೇಗೋ ಕೂಡಿಬರುತ್ತದೆ. ಹೆಸರಾಗದ ಸುಬೇದಾರನ ಅಂಗಿಗೆ ಕುಟುಂಬದ ನೆನಪೊಂದೇ ಆಧಾರ. ಅದನ್ನು ಬರೆದಿಟ್ಟುಕೊಳ್ಳದೆ ಉಡುಪನ್ನಷ್ಟೇ ತಂದಿಟ್ಟ ಸಂಗ್ರಹಾಲಯ ಕೂಡಿಡುವುದು ಬರಿಯ ಬಟ್ಟೆಯನ್ನು; ಬರೆದಿಟ್ಟುಕೊಂಡದ್ದು ಒಬ್ಬ ಸೈನಿಕನನ್ನು ಚರಿತ್ರೆಗೆ ಸೇರಿಸುತ್ತದೆ.