ದೋಣಿಮಲೈ ಕಲ್ಲಲ್ಲಿ ಹಳೇ ಹಲ್ಲಿ ಯಾಕೆ ಸಿಗಲ್ಲ?

ಕಲ್ಲಿನ ಕತೆ – ಭಾಗ 4

ಇಷ್ಟೊಂದು ಗುಡ್ಡ ಅಗೀತಾರಲ್ಲ, ದೋಣಿಮಲೈಯಲ್ಲಿ ಒಂದು ಡೈನೋಸಾರ್ ಮೂಳೆ, ಹೋಗ್ಲಿ ಒಂದು ಹಳೇ ಕಪ್ಪೆ ಮೂಳೆನಾದ್ರೂ ಸಿಕ್ಕಿಲ್ವಾ? ಈ ಪ್ರಶ್ನೆ ಬಂದಾಗ ಕ್ಲಾಸಲ್ಲಿ ಎಲ್ಲರೂ ನಗ್ತಾರೆ. ಪ್ರಶ್ನೆ ಮಾತ್ರ ಚೆನ್ನಾಗೈತೆ. ಅದಿರಿನ ಪದರದಲ್ಲಿ ಸಿಕ್ಕಿಲ್ಲ, ಸಿಗೋದೂ ಇಲ್ಲ. ಹುಡುಕೋರು ಇಲ್ಲ ಅಂತಲ್ಲ, ಕಲ್ಲಿನ ವಯಸ್ಸೇ ಹಂಗೈತೆ.

ಮೊದಲು ಹೊಸ ಸುದ್ದಿ. 2025ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಸಿಕ್ಕಿದ ಒಂದು ಕಲ್ಲುಚಪ್ಪಡಿ, ಅದರ ಮೇಲೆ ಹೆಜ್ಜೆಗುರುತು. ಮೂಳೆ ಇಲ್ಲ, ಬರೀ ಹೆಜ್ಜೆ. ಕಲ್ಲನ್ನ ಕಂಡುಹಿಡಿದವರು ಪ್ರೊಫೆಸರ್‌ಗಳಲ್ಲ, ಹವ್ಯಾಸಕ್ಕೆ ಪಳೆಯುಳಿಕೆ ಹುಡುಕೋ ಇಬ್ಬರು. ಜಾನ್ ಲಾಂಗ್, ಪೆರ್ ಆಲ್‌ಬರ್ಗ್ ಮತ್ತು ಸಂಗಡಿಗರು ಅದನ್ನ ಅಭ್ಯಾಸ ಮಾಡಿದರು. ವಯಸ್ಸು ಸುಮಾರು 35.6 ಕೋಟಿ ವರ್ಷ. ಅದೇ ಕಲ್ಲಿನ ಮೇಲೆ ಮಳೆಹನಿ ಬಿದ್ದ ಸಣ್ಣ ಗುಳಿಗಳೂ ಉಳಿದಾವೆ. ಯಾವತ್ತೋ ಒಂದಿನ ಸಣ್ಣ ಮಳೆ ಬಂದು ಹೋಗೈತೆ, ಆ ಹಸಿ ಮಣ್ಣಲ್ಲಿ ಒಂದು ಪ್ರಾಣಿ ನಡೆದು ಹೋಗೈತೆ. ಎರಡಕ್ಕೂ ಸಾಕ್ಷಿ ಒಂದೇ ಕಲ್ಲು.

ಇದರಲ್ಲಿ ದೊಡ್ಡದೇನು ಅಂದ್ರೆ, ಆ ಬೆರಳುಗಳ ತುದಿಯಲ್ಲಿ ಉಗುರಿನ ಗುರುತು ಐತೆ. ಉಭಯವಾಸಿಗಳಿಗೆ ಇಂಥ ಕೊಕ್ಕೆ ಉಗುರು ಸಾಮಾನ್ಯವಾಗಿ ಇರಲ್ಲ. ಹಲ್ಲಿ, ಉಡ, ಓತಿಕೇತಕ್ಕೆ ಇರುತ್ತೆ. ಕಪ್ಪೆ ಮೊಟ್ಟೆಗೆ ನೀರು ಅಥವಾ ತೇವ ಬೇಕೇಬೇಕು. ಹಲ್ಲಿ ಮೊಟ್ಟೆ ಒಣ ಗೋಡೆ ಸಂದಿಯಲ್ಲೂ ಮರಿಯಾಗುತ್ತೆ, ಒಳಗೆ ನೀರನ್ನ ಹಿಡಿದಿಡೋ ಪೊರೆ ಇರೋದರಿಂದ. ನೀರಿನ ಹಂಗು ಬಿಟ್ಟ ಆ ಗುಂಪಿನಿಂದಲೇ ಸರೀಸೃಪ, ಹಕ್ಕಿ, ನಾವು ಎಲ್ಲ ಬಂದದ್ದು. ಆ ಗುಂಪಿನ ಖಚಿತ ಗುರುತು ಅಂತ ಅಲ್ಲಿವರೆಗೂ ಹೇಳ್ತಿದ್ದದ್ದು ಕೆನಡಾದಲ್ಲಿ ಸಿಕ್ಕಿದ, ಸುಮಾರು 32 ಕೋಟಿ ವರ್ಷದವು. ಒಂದೇ ಚಪ್ಪಡಿ ಲೆಕ್ಕವನ್ನ 3.5 ಕೋಟಿ ವರ್ಷ ಹಿಂದಕ್ಕೆ ತಳ್ಳಿಬಿಡ್ತು. ಪಠ್ಯದಲ್ಲಿ “ಮೊದಲು ಮೀನು, ಆಮೇಲೆ ಉಭಯವಾಸಿ, ಆಮೇಲೆ ಸರೀಸೃಪ” ಅಂತ ಮೆಟ್ಟಿಲು ಹತ್ತಿದ ಹಂಗೆ ಓದ್ತೀವಲ್ಲ, ಅಷ್ಟು ನಿಧಾನವಾಗಿ ನಡೆದಿಲ್ಲ ಅಂತ ಕಾಣುತ್ತೆ. ಅರ್ಧ ಮೀನು ಅರ್ಧ ನಾಲ್ಕುಕಾಲಿ ಅನ್ನಿಸೋ ಟಿಕ್ಟಾಲಿಕ್ 37.5 ಕೋಟಿ ವರ್ಷದ್ದು. ಪೋಲೆಂಡಲ್ಲಿ 2010ರಲ್ಲಿ ವರದಿಯಾದ ನಾಲ್ಕು ಕಾಲಿನ ಹೆಜ್ಜೆಗಳು ಅದಕ್ಕಿಂತಲೂ ಹಳೇವು, ಸುಮಾರು 39 ಕೋಟಿ.

ನಮ್ಮ ಹತ್ತಿರ ಇಂಥದ್ದು ಎಲ್ಲೈತೆ? ಪಕ್ಕದ ತೆಲಂಗಾಣದಲ್ಲಿ, ಗೋದಾವರಿ ಕಣಿವೆಯ ಮಲೇರಿ ಕಡೆ. ಅಲ್ಲಿ 22 ಕೋಟಿ ವರ್ಷದ ಆಸುಪಾಸಿನ ಕೆಂಪು ಮಣ್ಣುಗಲ್ಲಲ್ಲಿ ಚಪ್ಪಟೆ ತಲೆಯ ದೊಡ್ಡ ಉಭಯವಾಸಿ ಸಿಕ್ಕೈತೆ, ಈಗಿನ ಹೆಸರು ಪಂಥಸಾರಸ್. ಮೊಸಳೆ ತರ ಕಾಣೋ ಪ್ಯಾರಾಸೂಕಸ್ ಕೂಡ ಸಿಕ್ಕೈತೆ. ಅಂಥ ಎರಡು ಪ್ಯಾರಾಸೂಕಸ್‌ಗಳ ಹೊಟ್ಟೆ ಜಾಗದಲ್ಲೇ ಇನ್ನೊಂದು ಸರೀಸೃಪದ ಅಸ್ಥಿಪಂಜರ ಇತ್ತು! ಕೊನೇ ಊಟ. ಅದಕ್ಕೆ 1980ರಲ್ಲಿ ಮಲೇರಿಸಾರಸ್ ಅಂತ ಹೆಸರಿಟ್ಟರು.

ಈಗ ನಮ್ಮ ಗುಡ್ಡಕ್ಕೆ ಬನ್ರಿ. ಸಂಡೂರು ಪಟ್ಟಿಯ ಕಲ್ಲು 260 ಕೋಟಿ ವರ್ಷಕ್ಕೂ ಹಳೇದು. ಲೆಕ್ಕ ಹಾಕ್ರಿ: ಆ ಉಗುರಿನ ಪ್ರಾಣಿ ನಡೆದಾಗಲೇ ದೋಣಿಮಲೈ ಕಲ್ಲಿಗೆ 220 ಕೋಟಿ ವರ್ಷ ದಾಟಿತ್ತು. ಇದು ಗಟ್ಟಿಯಾದಾಗ ಭೂಮಿ ಮೇಲೆ ಮೀನೂ ಇಲ್ಲ, ಹುಲ್ಲೂ ಇಲ್ಲ, ಮೂಳೆ ಅನ್ನೋದೇ ಇಲ್ಲ.

ಹಂಗಂತ ಖಾಲಿನಾ? ಅಲ್ಲ. 1990ರಲ್ಲಿ ಬಿ.ಎಸ್. ವೆಂಕಟಾಚಲ, ಎಸ್.ಎಂ. ನಖ್ವಿ ಮತ್ತಿತರರು ದೋಣಿಮಲೈ ಶಿಲಾಶ್ರೇಣಿಯ ಚರ್ಟ್ ಕಲ್ಲಲ್ಲಿ ಸೂಕ್ಷ್ಮಜೀವಿಗಳ ಪಳೆಯುಳಿಕೆ ಸಿಕ್ಕಿವೆ ಅಂತ ಪ್ರಕಟಿಸಿದರು. ಗುಂಡಗಿನವು, ದಾರದಂಥವು, ಮೈಕ್ರೋಸ್ಕೋಪ್ ಇಲ್ಲದೆ ಕಾಣಲ್ಲ. ಸೂಕ್ಷ್ಮಜೀವಿಗಳ ಹಾಸು ಪದರ ಪದರವಾಗಿ ಕಟ್ಟೋ ಸ್ಟ್ರೊಮಟೊಲೈಟ್‌ಗಳೂ ಸಂಡೂರು ಪಟ್ಟಿಯಲ್ಲಿ ವರದಿಯಾಗಿವೆ. ಅಷ್ಟೇ ಅಲ್ಲ. ಆ ಕಾಲದ ಸಮುದ್ರದಲ್ಲಿ ಕಬ್ಬಿಣ ಕರಗಿತ್ತು. ಸೂಕ್ಷ್ಮಜೀವಿಗಳು ಬಿಟ್ಟ ಆಮ್ಲಜನಕ ತಾಗಿ ಅದು ತುಕ್ಕಾಗಿ ತಳಕ್ಕೆ ಇಳೀತು ಅನ್ನೋದು ಪಟ್ಟೆಪಟ್ಟೆ ಕಬ್ಬಿಣದ ಕಲ್ಲಿಗೆ ವಿಜ್ಞಾನಿಗಳು ಕೊಡೋ ಒಂದು ಮುಖ್ಯ ವಿವರಣೆ. ಫೋಟೋದಲ್ಲಿ ಕೆಂಪು-ಬೂದು ಗೆರೆ ಕಾಣ್ತೈತಲ್ಲ, ಅದೇ. ಮುಂದೆ ಕೋಟ್ಯಂತರ ವರ್ಷ ಕಳೆದು ಗಾಳಿಯಲ್ಲಿ ಸಾಕಷ್ಟು ಆಮ್ಲಜನಕ ತುಂಬಿದ ಮೇಲೇ ಕಾಲಿರೋ ಪ್ರಾಣಿ ನೆಲಕ್ಕೆ ಬಂದದ್ದು. ನನ್ನ ಕೇಳಿದ್ರೆ, ಮಲೇರಿಯ ಮೂಳೆಗಿಂತ ಈ ಗೆರೆ ದೊಡ್ಡ ಸುದ್ದಿ. ಆದರೆ ಮ್ಯೂಸಿಯಂ ಮುಂದೆ ನಿಲ್ಲಿಸೋಕೆ ಹಲ್ಲು, ಉಗುರು ಬೇಕಲ್ಲ!

ದೋಣಿಮಲೈ ಗಣಿ 1977ರಿಂದ ನಡೀತೈತೆ. ಅದಿರಿಗೆ ಟನ್ ಲೆಕ್ಕದಲ್ಲಿ ರೇಟ್ ಐತೆ, ಪಕ್ಕದ ಚರ್ಟ್‌ಗೆ ಇಲ್ಲ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಬೆಂಗಳೂರು ಲಾಲ್‌ಬಾಗ್ ಬಂಡೆ ಎರಡನ್ನೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದಾರೆ. ಸಂಡೂರಿನ ಸ್ಟ್ರೊಮಟೊಲೈಟ್‌ಗೆ ಆ ಪಟ್ಟ ಇಲ್ಲ. ಒಂದು ಪದರ ಪುಡಿಯಾದರೆ ಅಲ್ಲೇನಿತ್ತು ಅಂತ ಆಮೇಲೆ ಯಾವ ಲ್ಯಾಬೂ ಹೇಳೋಕಾಗಲ್ಲ.

ಅದಕ್ಕೇ ಒಂದು ಕೆಲಸ. ಗಣಿ ಒಳಗೆ ಹೋಗ್ಬೇಡ್ರಿ, ಬ್ಲಾಸ್ಟಿಂಗ್ ಇರುತ್ತೆ. ಊರ ಹತ್ತಿರ, ರಸ್ತೆ ಬದಿ ಗುಡ್ಡ ಕಡಿದ ಜಾಗದಲ್ಲಿ ಅಲೆ ಅಲೆ ಪದರ ಅಥವಾ ಗುಬ್ಬಳ ಗುಬ್ಬಳ ಕಲ್ಲು ಕಂಡ್ರೆ ಒಡೀಬೇಡ್ರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೀರಿ, ಜಾಗದ ಹೆಸರು ಬರೀರಿ, ನನಗೆ ಕಳ್ಸ್ರಿ. ಎಲ್ಲ ಸೇರಿಸಿ ಸಂಡೂರಿನ ಒಂದು ನಕ್ಷೆ ಮಾಡೋಣ. ಭಾಗ 5ರಲ್ಲಿ 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ದೊಡ್ಡ ವರದಿ ಪ್ರಕಟಿಸಿದ ರಾಬರ್ಟ್ ಬ್ರೂಸ್ ಫೂಟ್ ಬರ್ತಾರೆ.

#ಸಂಡೂರು #ದೋಣಿಮಲೈ #ಕಲ್ಲಿನಕತೆ