ನೈಲ್ ನದಿಯ ಹೂವಲ್ಲ

ನಮ್ಮ ಮನೆಯ ಮೆಟ್ಟಿಲ ಪಕ್ಕದಲ್ಲಿ ಒಂದು ಹಳೆಯ ಸಿಮೆಂಟ್ ಕುಂಡವಿದೆ. ಅದರಲ್ಲಿ ಪಟ್ಟಿಯಂಥ ಉದ್ದನೆಯ ಎಲೆಗಳ ನಡುವಿನಿಂದ ದಂಟು ಎದ್ದು, ತುದಿಯಲ್ಲಿ ನೀಲಿ ಹೂಗಳ ಚೆಂಡು ಅರಳಿದಾಗ ದಾರಿಹೋಕರು ನಿಂತು ನೋಡುತ್ತಾರೆ. 'ಈರುಳ್ಳಿ ಹೂವಿನ ಹಾಗಿದೆಯಲ್ಲ!' ಎನ್ನುವವರೂ ಉಂಟು. ಅವರದೇನೂ ತಪ್ಪಿಲ್ಲ; ಈರುಳ್ಳಿಗೂ ಇದಕ್ಕೂ ದೂರದ ನೆಂಟಸ್ತನವಿದೆ. ಇದರ ಹೆಸರು ಅಗಪಾಂಥಸ್.

ಇದು ನಮ್ಮ ಮನೆಗೆ ಬಂದದ್ದು 1979ರಲ್ಲಿ. ಆ ವರ್ಷ ನನ್ನ ಮೊದಲ ಬಸಿರು ಏಳು ತಿಂಗಳಿಗೆ ಕೈತಪ್ಪಿತ್ತು. ನೋಡಲು ಬಂದ ಹೆಂಗಸರೆಲ್ಲ ಬಾಗಿಲಲ್ಲೇ ಲೊಚಗುಟ್ಟುತ್ತಿದ್ದರು, ಆಮೇಲೆ ನನ್ನ ಮುಖ ನೋಡದೆ ಕಾಫಿ ಕುಡಿದು ಹೋಗುತ್ತಿದ್ದರು. 'ಇವಳನ್ನು ನಾಲ್ಕು ದಿನ ಎಲ್ಲಾದರೂ ಕರೆದುಕೊಂಡು ಹೋಗೋ' ಎಂದು ನಮ್ಮತ್ತೆಯೇ ಮಗನಿಗೆ ಹೇಳಿ ನಮ್ಮನ್ನು ಊಟಿಗೆ ಕಳಿಸಿದರು. ಅಲ್ಲಿ ಗಿಡ ಮಾರುವವನೊಬ್ಬ, 'ನೈಲ್ ಲಿಲ್ಲಿ ಅಮ್ಮಾ, ತಗೊಳ್ಳಿ' ಎಂದು ಬೇರುಸಮೇತ ಒಂದು ಸಸಿ ಕೊಟ್ಟ. ಮಡಿಕೇರಿಗೆ ಬರುವವರೆಗೂ ಬಸ್ಸಿನಲ್ಲಿ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಇದು ನೈಲ್ ನದಿಯ ಹೂವೇ ಅಲ್ಲವೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ನೈಲ್ ಹರಿದು ಸಮುದ್ರ ಸೇರುವುದು ಆಫ್ರಿಕದ ಉತ್ತರದ ತುದಿಯಲ್ಲಿ. ಈ ಗಿಡದ ತವರು ದಕ್ಷಿಣದ ತುದಿಯಲ್ಲಿ. 1652ರಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿ ಅಲ್ಲಿನ ಕೇಪ್‌ನಲ್ಲಿ ಒಂದು ತಂಗುದಾಣ ಕಟ್ಟಿತು. ಮೆಣಸು, ಮಸಾಲೆಗಳಿಗಾಗಿ ನಮ್ಮ ಕಡೆಗೆ ಬರುವ ಹಡಗುಗಳ ನಾವಿಕರಿಗೆ ತಾಜಾ ತರಕಾರಿ ಒದಗಿಸಲೆಂದು ಅಲ್ಲೊಂದು ತೋಟವನ್ನೂ ಮಾಡಿತು. ತರಕಾರಿಗೆಂದು ಇಳಿದವರ ಕಣ್ಣು ಬೆಟ್ಟದ ಹೂಗಳ ಮೇಲೂ ಬಿತ್ತು. ಗಡ್ಡೆ, ಬೇರುಗಳು ಹಡಗು ಹತ್ತಿದವು. 1692ರ ಹೊತ್ತಿಗೆ ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಈ ಹೂವು ಅರಳುತ್ತಿತ್ತು. ಅಲ್ಲಿನ ರಾಣಿ ಎರಡನೆಯ ಮೇರಿಗೆ ದೂರದೇಶದ ಗಿಡಗಳೆಂದರೆ ಪ್ರಾಣ.

ಇನ್ನು ಹೆಸರಿನ ವಿಚಾರ. 1753ರಲ್ಲಿ ಲಿನೇಯಸ್ ಇದನ್ನು ಬೇರೊಂದು ಲಿಲ್ಲಿಯ ಜಾತಿಗೆ ಸೇರಿಸಿ 'ಕ್ರೈನಮ್ ಆಫ್ರಿಕಾನಮ್' ಎಂದು ಬರೆದ. ಆಮೇಲೆ ಬಂದವನು ಲೆರಿಟಿಯೆ ಎಂಬ ಫ್ರಾನ್ಸಿನ ನ್ಯಾಯಾಧೀಶ. ಗಿಡಗಳ ಹುಚ್ಚಿನ ಈ ಮನುಷ್ಯ ಲಂಡನ್ನಿನ ತೋಟಗಳಲ್ಲಿ ಕಂಡ ಗಿಡಗಳ ಬಗ್ಗೆ ಒಂದು ಪುಸ್ತಕ ಬರೆದು, ಅದರಲ್ಲಿ ಇದಕ್ಕೆ ಅಗಪಾಂಥಸ್ ಎಂದು ಹೊಸ ನಾಮಕರಣ ಮಾಡಿದ. ಪುಸ್ತಕದ ಮೇಲಿನ ಇಸವಿ 1788. ಗ್ರೀಕ್ ಭಾಷೆಯಲ್ಲಿ 'ಅಗಾಪೆ' ಎಂದರೆ ಪ್ರೀತಿ, 'ಆಂಥೋಸ್' ಎಂದರೆ ಹೂವು. ಪ್ರೀತಿಯ ಹೂವು! ಹೆಸರು ಚೆನ್ನಾಗಿಯೇ ಇದೆ. ಆದರೆ ಹೆಸರಿಲ್ಲದೆ ಕಾದು ಕುಳಿತ ಗಿಡವೇನೂ ಇದಾಗಿರಲಿಲ್ಲ.

ಕೇಪ್‌ನಿಂದ ಪೂರ್ವಕ್ಕೆ ಹೋದರೆ ಖೋಸಾ ಜನರ ನಾಡು. ಅಲ್ಲಿನ ಹೆಂಗಸರಿಗೆ ಇದು ಬಸಿರು ಬಾಣಂತನದ ಗಿಡ. ಗರ್ಭಿಣಿಯರು ಇದರ ಬೇರಿನ ಕಷಾಯ ಕುಡಿಯುವುದು, ಹುಟ್ಟಿದ ಕೂಸಿಗೂ ಕೊಡುವುದು, ರಕ್ಷೆಯೆಂದು ಬೇರನ್ನು ಪೋಣಿಸಿ ಕೊರಳಿಗೆ ಹಾಕಿಕೊಳ್ಳುವುದು ಅವರ ರೂಢಿ. ಅವರು ಇದನ್ನು ಕರೆಯುವ ಹೆಸರನ್ನು ನಮ್ಮ ಲಿಪಿಯಲ್ಲಿ ಬರೆಯುವುದು ಕಷ್ಟ. 'ಇಸಿ' ಎಂದು ಶುರುಮಾಡಿ, ನಾಲಗೆಯನ್ನು ಹಲ್ಲಿಗೆ ತಾಗಿಸಿ ನಾವು ಅಯ್ಯೋ ಪಾಪ ಎಂದು ಲೊಚಗುಟ್ಟುತ್ತೇವಲ್ಲ, ಆ ಸದ್ದು ಮಾಡಿ, 'ಅಕಾತಿ' ಎಂದು ಮುಗಿಸಬೇಕು. ನಮಗೆ ಮರುಕದ ಸದ್ದಾದದ್ದು ಅವರಿಗೆ ಒಂದು ಅಕ್ಷರ. ಇದನ್ನು ಓದಿದ ದಿನ ನಾನು ಪುಸ್ತಕ ಮಡಚಿಟ್ಟು ಕುಂಡದ ಹತ್ತಿರ ಹೋಗಿ ಸುಮ್ಮನೆ ಕುಳಿತೆ. ಯಾವ ಗಿಡವನ್ನು ಯಾವ ದುಃಖದಲ್ಲಿ ಮಡಿಲಲ್ಲಿಟ್ಟುಕೊಂಡು ಬಂದಿದ್ದೆ!

ಹಾಗೆಂದು ಯಾರೂ ಇದರ ಬೇರನ್ನು ಔಷಧಿಯೆಂದು ಮುಟ್ಟಬೇಡಿ. ಇದರ ರಸ ಬಾಯಿಗೆ ತಾಗಿದರೆ ಹುಣ್ಣಾಗುತ್ತದೆ, ಬೇರಿನಲ್ಲಿ ರಕ್ತಕ್ಕೆ ಕೇಡು ಮಾಡುವ ಅಂಶಗಳೂ ಇವೆ.

ಈ ಕುಲದ ಗಿಡಗಳನ್ನೆಲ್ಲ ಕೂಲಂಕಷವಾಗಿ ಪರಿಶೀಲಿಸಿ 1965ರಲ್ಲಿ ಗ್ರಂಥ ಬರೆದದ್ದು ದಕ್ಷಿಣ ಆಫ್ರಿಕದವರೇ ಆದ ಫ್ರಾನ್ಸಿಸ್ ಲೇಟನ್ ಎಂಬ ಮಹಿಳೆ. ಅವರು ಗುರುತಿಸಿದ್ದು 10 ಪ್ರಭೇದಗಳನ್ನು. ಕೆಲವು ವರ್ಷವಿಡೀ ಹಸಿರಾಗಿರುವಂಥವು, ಕೆಲವು ಚಳಿಗೆ ಎಲೆ ಉದುರಿಸುವಂಥವು. ತೋಟಗಳಲ್ಲಿ 'ಆಫ್ರಿಕಾನಸ್' ಎಂಬ ಚೀಟಿ ಹೊತ್ತು ನಿಂತಿರುವುದು ಬಹುಮಟ್ಟಿಗೆ 'ಪ್ರೀಕಾಕ್ಸ್' ಎಂಬ ಪ್ರಭೇದ. ಸದಾ ಹಸಿರಾದ ಅದರ ತವರೂ ಪೂರ್ವದ ಕಡೆಯೇ, ಖೋಸಾ ಹೆಂಗಸರ ನಾಡೇ. ನನ್ನ ಕುಂಡದ್ದೂ ಅದೇ.

ಬೆಳೆಸುವುದು ಸುಲಭ. ಬಿಸಿಲು ಬೇಕು, ನೀರು ನಿಲ್ಲಬಾರದು. ನಮ್ಮ ಮಳೆಗಾಲದಲ್ಲಿ ಕುಂಡವನ್ನು ಸೂರಿನಡಿಗೆ ಎಳೆದಿಡುತ್ತೇನೆ, ಇಲ್ಲವಾದರೆ ಬೇರು ಕೊಳೆಯುತ್ತದೆ. ಬೇರು ಒತ್ತೊತ್ತಾಗಿದ್ದಷ್ಟೂ ಹೂವು ಚೆನ್ನ. ತೀರಾ ಇಕ್ಕಟ್ಟಾಗಿ ಹೂ ಕಡಿಮೆಯಾದರೆ ನಾಲ್ಕೈದು ವರ್ಷಕ್ಕೊಮ್ಮೆ ಬಿಡಿಸಿ ನೆಡಬೇಕು. ಬೀಜದಿಂದ ಬೆಳೆಸಿದರೆ ಹೂವಿಗೆ ಮೂರು ವರ್ಷವಾದರೂ ಕಾಯಬೇಕು. ಹೂವು ಬಾಡಿದ ಮೇಲೆ ದಂಟನ್ನು ಕತ್ತರಿಸುವುದನ್ನು ಮರೆಯಬೇಡಿ. ಬೀಜ ಚೆಲ್ಲಿ ಚೆಲ್ಲಿ ನ್ಯೂಜಿಲೆಂಡಿನಲ್ಲಿ ಇದೇ ಕಳೆಯಾಗಿ ಕುಳಿತಿದೆ.

ಊಟಿಯಿಂದ ಬಂದ ಗಿಡ ಮೊದಲ ಹೂ ಬಿಟ್ಟದ್ದು 1982ರಲ್ಲಿ. ಆಗ ನನ್ನ ಮಗಳಿಗೆ ಐದು ತಿಂಗಳು.

ಮೊನ್ನೆ ಕುಂಡ ಬಿಡಿಸಿದಾಗ ಪಕ್ಕದ ಮನೆಯ ಹುಡುಗಿಗೂ ಒಂದು ಬುಡ ಕೊಟ್ಟೆ. 'ಹೆಸರೇನು ಆಂಟಿ?' ಎಂದಳು. ಖೋಸಾ ಹೆಸರನ್ನೇ ಹೇಳೋಣವೆಂದು ನಾಲಗೆಯನ್ನು ಹಲ್ಲಿಗೆ ತಾಗಿಸಿದೆ. ಅವಳು ಗಾಬರಿಯಾದಳು: 'ಯಾಕೆ ಆಂಟಿ ಲೊಚಗುಟ್ಟುತ್ತೀರಿ? ನನ್ನ ಕೈಯಲ್ಲಿ ಬದುಕುವುದಿಲ್ಲವಾ?'

'ಬದುಕುತ್ತದೆ ಕಣೇ, ಕೂತುಕೋ ಹೇಳುತ್ತೇನೆ' ಎಂದು ಕಾಫಿಗಿಟ್ಟೆ.